ಆರೋಗ್ಯಧಾಮದ ಪಿಯಾನೊ

ಬಿಷ್ಕೆಕ್‌ನಿಂದ ನಾಲ್ಕೂವರೆ ತಾಸು, ಬಾಡಿಗೆ ವ್ಯಾನಿನಲ್ಲಿ,
ತೊಡೆಯ ಮೇಲೆ ಚೀಲ, ಚೀಲದಲ್ಲಿ ಕೀಲಿ, ಫೆಲ್ಟು, ಶ್ರುತಿಕವೆ.
ಕಣಿವೆ ದಾಟಿದ ಮೇಲೆ ಎಡಕ್ಕೆ ಬೆಟ್ಟ, ಬಲಕ್ಕೆ ನೀರು,
ನಡುವೆ ಒಂದೇ ರಸ್ತೆ. ಆ ರಸ್ತೆಯೇ ಊರು.
ವರ್ಷಕ್ಕೆ ನಾಲ್ಕು ಸಲ ಬರುತ್ತೇನೆ.
ಪಿಯಾನೊ ಒಂದೇ. ಕೆಡುವ ಬಗೆ ನಾಲ್ಕು.

ಮೇ ತಿಂಗಳಿಗೆ ಜರ್ದಾಳುವಿನ ಹೂ ಉದುರಿ ಮುಗಿದಿರುತ್ತದೆ.
ಬೂರುಲಕ್ಕ ಊಟದ ಸಾಲೆಯ ಕಿಟಕಿಗಳಿಗೆ
ಹಳೆಯ ಪತ್ರಿಕೆ ಉಜ್ಜಿ ಉಜ್ಜಿ
ಬೆಟ್ಟಗಳನ್ನು ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳುತ್ತಾಳೆ.
ತುಳಿಯುವ ದೋಣಿಗಳು, ಪ್ಲಾಸ್ಟಿಕ್ ಹಂಸಗಳು, ಹುಲ್ಲಿನ ಮೇಲೆ ಸಾಲಾಗಿ;
ಅವಳ ಮೊಮ್ಮಗ ಎಲ್ದಿಯಾರ್ ಅವಕ್ಕೆ ಕಣ್ಣು ಬರೆಯುತ್ತಿದ್ದಾನೆ,
ಒಂದೊಂದಕ್ಕೂ ಒಂದೊಂದು ಸಿಟ್ಟು.
ಮುಚ್ಚಳ ಎತ್ತಿದರೆ ತಂತಿಗಳ ಸಂದಿಯಲ್ಲಿ ಇಲಿಯ ಗೂಡು:
ಕುರಿಯ ಉಣ್ಣೆ, ಫೆಲ್ಟಿನ ಚೂರು,
ಯಾರದೋ ಹಳೆಯ ಚೀಟಿ, "ಕೆಸರಿನ ಸ್ನಾನ, ಹತ್ತು ಗಂಟೆಗೆ".

ಜುಲೈನಲ್ಲಿ ನನಗೆ ಮಲಗಲು ಜಾಗವಿಲ್ಲ.
ಅಲ್ಮಾತಿಯ ಕಾರುಗಳು, ಕೆಂಪಗೆ ಸುಲಿಯುವ ಸೈಬೀರಿಯಾದ ಬೆನ್ನುಗಳು,
ರಬ್ಬರಿನ ಬಾಳೆಹಣ್ಣಿನ ಮೇಲೆ ಕೂತು ಕಿರುಚುವ ಮಕ್ಕಳು,
ಹೊಗೆ ಹಾಕಿದ ಮೀನನ್ನು ಹಾರದ ಹಾಗೆ ಪೋಣಿಸಿ
ಕಾರಿನ ಕಿಟಕಿಗಳಿಗೆ ಎತ್ತಿ ಹಿಡಿಯುವ ಹೆಂಗಸರು.
ಬೂರುಲಕ್ಕ ತನ್ನ ಮಂಚವನ್ನೂ ಬಾಡಿಗೆಗೆ ಕೊಟ್ಟು
ಅಡುಗೆಮನೆಯ ಬೆಂಚಿಗೆ ಹೋಗಿದ್ದಾಳೆ. ನಾನು ಪಿಯಾನೊದ ಕೆಳಗೆ.
"ಐವತ್ತು ದಿನದ ದುಡ್ಡು," ಎನ್ನುತ್ತಾಳೆ ಕತ್ತಲಲ್ಲಿ,
"ಮುನ್ನೂರ ಹದಿನೈದು ದಿನಕ್ಕೆ ಎಳೆಯಬೇಕು.
ನೀನು ತಂತಿ ಎಳೆಯುವವನು, ಹೇಳು,
ಎಷ್ಟು ಎಳೆದರೆ ತುಂಡಾಗುತ್ತದೆ?"

ಅಕ್ಟೋಬರ್ ನನಗಿಷ್ಟ. ಅಂದರೆ ಬೂರುಲಕ್ಕ ಬೈಯುತ್ತಾಳೆ:
ನಮ್ಮ ಅಂಗಡಿ ಮುಚ್ಚಿದ ತಿಂಗಳನ್ನೇ
ಬಂದುಹೋಗುವವರು ಚಂದ ಅನ್ನುವುದು.
ಹೋದ ಸಲ ಇಡೀ ಸಾಲೆಗೆ ಒಬ್ಬಳೇ ರೋಗಿ,
ಆಂತೊನೀನಾ ಪಾವ್ಲೊವ್ನಾ. ದರ ಇಳಿದ ಮೇಲೆ ಬರುತ್ತಾಳೆ,
ಉಣ್ಣೆಯ ಟೋಪಿ ಹಾಕಿಕೊಂಡೇ ನೀರಿಗಿಳಿಯುತ್ತಾಳೆ.
"ಮುದುಕಿಯಾದದ್ದು ಮಂಡಿ ಮಾತ್ರ. ಉಳಿದದ್ದು ಈಜುತ್ತದೆ."
ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು, ಕೂದಲಿಂದ ನೀರು ತೊಟ್ಟಿಕ್ಕಿಸುತ್ತ,
ಬೆರಳಿಟ್ಟು ತೋರಿಸಿದಳು:
"ಇದೊಂದು ಸ್ವಲ್ಪ ಇಳಿದೇ ಇರಲಿ.
ಎಪ್ಪತ್ತೆರಡರಲ್ಲಿ ನಾನಿಲ್ಲಿ ಕುಣಿದಾಗಲೂ ಇಳಿದಿತ್ತು."
ತಲೆಯಾಡಿಸಿದೆ. ಆಕೆ ಅತ್ತ ಹೋದ ಮೇಲೆ ಏರಿಸಿದೆ.
ವೃತ್ತಿ.

ಜನವರಿಗೆ ಯಾರೂ ಕರೆಯುವುದಿಲ್ಲ, ಸಂಬಳವಿಲ್ಲ.
ಸಾಲೆಯಲ್ಲಿ ಕುರ್ಚಿಗಳು ಮೇಜು ಹತ್ತಿ ಕೂತಿವೆ.
ಬೆಟ್ಟವೆಲ್ಲ ಗಟ್ಟಿಯಾಗಿ ನಿಂತಿರುವಾಗ
ಸರೋವರ ಮಾತ್ರ ಹೆಪ್ಪುಗಟ್ಟುವುದಿಲ್ಲ,
ಬೆಳಗ್ಗೆ ಕುದಿಯುವ ಹಂಡೆಯ ಹಾಗೆ ಆವಿ ಬಿಡುತ್ತ,
ಮುಟ್ಟಿದರೆ ಕೈ ಕೊರೆಯುತ್ತ.
ಪ್ಲಾಸ್ಟಿಕ್ಕಿನವು ಕೊಟ್ಟಿಗೆ ಸೇರಿದ ಮೇಲೆ
ಉತ್ತರದಿಂದ ನಿಜದವು ಬಂದಿವೆ, ಇನ್ನೂರೋ ಮುನ್ನೂರೋ,
ದಡದ ಹತ್ತಿರವೇ, ಹರಟುತ್ತ.
ಎಲ್ದಿಯಾರ್ ಬಹಳ ಹೊತ್ತು ನೋಡಿ ಹೇಳಿದ:
"ನಾನು ಬರೆದದ್ದು ದೊಡ್ಡದಾಯಿತು."

ಬಾಗಿಲ ಮೊಳೆಯಲ್ಲಿ ಉಣ್ಣೆಯ ಟೋಪಿ ನೇತಾಡುತ್ತಿದೆ.
"ಮರೆತದ್ದಲ್ಲ," ಅಂದಳು ಬೂರುಲಕ್ಕ, "ಇಟ್ಟುಹೋದದ್ದು."
ಕೋಟು ತೆಗೆಯದೆ ಕೂತು ಒಂದೊಂದೇ ಮನೆ ಒತ್ತುತ್ತ ಬಂದೆ.
ಆ ಒಂದು ಸ್ವರ ತಾನಾಗಿಯೇ ಇಳಿದಿದೆ.
ಕವೆಯನ್ನು ಮಂಡಿಗೆ ಬಡಿದು ಕಿವಿಗಿಟ್ಟೆ.
ಕೀಲಿ ತೆಗೆದೆ. ಕೀಲಿ ಚೀಲಕ್ಕೆ ಹಾಕಿದೆ.
"ತಂತಿ ತಣ್ಣಗಿದೆ ಅಕ್ಕ, ಈಗ ತಿರುಗಿಸಿದರೆ ತುಂಡಾದೀತು."
ನಂಬಿದಳೋ ಏನೋ,
ಚಹಾಕ್ಕೆ ಇನ್ನಷ್ಟು ಹಾಲು ಸುರಿದಳು.

ಮೂರು ಗಂಟೆಯ ವ್ಯಾನು ಜನ ತುಂಬದೆ ಹೊರಡುವುದಿಲ್ಲ.
ಈಗ ಇಬ್ಬರಿದ್ದೇವೆ: ನಾನು, ಒಂದು ಚೀಲ ಆಲೂಗಡ್ಡೆ.
ಚಾಲಕ ನೀರಿನ ಕಡೆ ಮುಖ ಮಾಡಿ
ಬೀಡಿ ಸೇದುತ್ತಿದ್ದಾನೆ, ಅವಸರವಿಲ್ಲದೆ.